ಫ್ರಿಜ್ಜಿನ ಬೆನ್ನ ಹಿಂದಿನ ಬೆಂಕಿ

ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ ಒಂದಿದೆ ಅಂದರೆ ನಂಬುತ್ತೀರಾ? ಇದೆ ಸ್ವಾಮಿ. ಹಿಂದುಗಡೆ ಗ್ಯಾಸಿನ ಜ್ವಾಲೆ ಉರಿಯುತ್ತಿರುತ್ತದೆ, ಮುಂದುಗಡೆ ಬಾಗಿಲು ತೆಗೆದರೆ ಮೊಸರು ತಣ್ಣಗಿರುತ್ತದೆ! ಕರೆಂಟಿಲ್ಲದ ಕಡೆ, ಅದರಲ್ಲೂ ಮನೆಯನ್ನೇ ಚಕ್ರದ ಮೇಲೆ ಕಟ್ಟಿಕೊಂಡು ಊರೂರು ತಿರುಗುವ ಕ್ಯಾರವಾನುಗಳಲ್ಲಿ, ಈ ಫ್ರಿಜ್ಜು ಹತ್ತಾರು ವರ್ಷಗಳಿಂದ ಇದೆ. ಈಗ ನಮ್ಮವರೂ ಕ್ಯಾರವಾನು ಕಟ್ಟಿಸಿಕೊಂಡು ಕಾಶಿಗೆ ಬರಲು ಶುರುಮಾಡಿದ್ದಾರೆ. ಹಾಗಾಗಿ ಇದರ ಪೂರ್ವಾಪರ ಬರೆದಿಡೋಣ ಅನ್ನಿಸಿತು. ನಾನು ಓದಿದ್ದು ಬಿ.ಕಾಂ., ಭೌತಶಾಸ್ತ್ರದ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ನನಗೇ ಅರ್ಥವಾಗಿದೆ ಅಂದಮೇಲೆ ನಿಮಗೆ ಕಷ್ಟವೇನಲ್ಲ.

ಕಥೆ ಶುರುವಾಗುವುದು ನಮ್ಮ ಬನಾರಸಿನ ಪಕ್ಕದಲ್ಲೇ. ಸರ್ ರಾಬರ್ಟ್ ಬಾರ್ಕರ್ ಅಂತ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಸೇನಾಧಿಕಾರಿ ಒಬ್ಬನಿದ್ದ. ಇಲ್ಲಿನ ಮಾನ್ ಮಂದಿರದ ಮೇಲಿರುವ ಜಂತರ್ ಮಂತರ್ ನೋಡಿ ಬೆರಗಾಗಿ, 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದವನು ಇವನೇ. ಅದಕ್ಕೂ ಎರಡು ವರ್ಷ ಮುಂಚೆ, 1775ರಲ್ಲಿ, ಅದೇ ಪತ್ರಿಕೆಗೆ ಇನ್ನೊಂದು ಲೇಖನ ಬರೆದಿದ್ದ. ಅಲಹಾಬಾದಿನ ಜನ ಮಂಜುಗಡ್ಡೆ ಮಾಡುವ ವಿಧಾನದ ಬಗ್ಗೆ!

ಬಯಲಿನಲ್ಲಿ ಮೂವತ್ತು ಅಡಿ ಚೌಕದ, ಎರಡಡಿ ಆಳದ ಗುಂಡಿಗಳು. ಅದರ ತಳಕ್ಕೆ ಒಣಗಿದ ಕಬ್ಬಿನ ದಂಟೋ ಜೋಳದ ದಂಟೋ ಒಂದು ಗೇಣು ಹಾಸುವುದು. ಅದರ ಮೇಲೆ ಸಾಲಾಗಿ ಅಂಗೈ ಅಗಲದ ಮಣ್ಣಿನ ತಟ್ಟೆಗಳು, ಮೆರುಗು ಹಾಕದ ಜಿನುಗುವ ಮಣ್ಣಿನವು. ಕಾಯಿಸಿ ಆರಿಸಿದ ನೀರನ್ನು ಮುಸ್ಸಂಜೆಗೆ ಅವುಗಳಿಗೆ ಹಾಕಿ ಬಿಟ್ಟರೆ, ಸೂರ್ಯ ಹುಟ್ಟುವ ಮುಂಚೆ ಗಡ್ಡೆ ಕಟ್ಟಿರುತ್ತಿತ್ತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಈ ಕಸುಬು. ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯದಿದ್ದರೂ ನೀರು ಹೆಪ್ಪುಗಟ್ಟುವುದು ಹೇಗೆ? ಮೋಡವಿಲ್ಲದ ಆಕಾಶಕ್ಕೆ ನೀರು ತನ್ನ ಶಾಖವನ್ನು ಸೂಸಿಬಿಡುತ್ತದೆ. ತಟ್ಟೆಯಿಂದ ಜಿನುಗಿ ಆವಿಯಾಗುವ ನೀರು ಇನ್ನಷ್ಟು ಶಾಖ ಒಯ್ಯುತ್ತದೆ. ಕೆಳಗಿನ ದಂಟು ನೆಲದ ಬಿಸಿಯನ್ನು ಮೇಲೆ ಬರಗೊಡುವುದಿಲ್ಲ. ಬನಾರಸಿನ ಗಲ್ಲಿಗಳಲ್ಲಿ ಚಳಿಗಾಲದ ಬೆಳಿಗ್ಗೆ ಮಾತ್ರ ಸಿಗುವ ಮಲೈಯೋ ತಿಂದಿದ್ದೀರಾ? ಹಾಲನ್ನು ರಾತ್ರಿಯಿಡೀ ಇಬ್ಬನಿಗೆ ಇಟ್ಟು, ನಸುಕಿನಲ್ಲಿ ಕಡೆದು ತೆಗೆವ ಕೇಸರಿ ಬಣ್ಣದ ನೊರೆ. ಅದೂ ಇದೇ ಆಕಾಶದ ಫ್ರಿಜ್ಜಿನ ಕೂಸು. (ಬಿಸಿಲೇರಿದರೆ ಕುಲ್ಹಡದಲ್ಲಿ ಏನೂ ಉಳಿದಿರುವುದಿಲ್ಲ, ಬೇಗ ಏಳಿ.)

ಆಮೇಲೆ 1833ರಲ್ಲಿ ಫ್ರೆಡೆರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವ್ಯಾಪಾರಿ ತನ್ನೂರಿನ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ತಂದಿಳಿಸಿದ. ನಾಲ್ಕು ತಿಂಗಳ ಪ್ರಯಾಣ, ದಾರಿಯಲ್ಲಿ ಕರಗಿದ್ದು ಕರಗಿ ನೂರು ಟನ್ನಿನಷ್ಟು ಉಳಿದಿತ್ತಂತೆ. ಈ ಕೆರೆಯ ವ್ಯಾಪಾರಕ್ಕೆ ಕೊನೆಗೆ ಕುತ್ತು ತಂದದ್ದು ಯಂತ್ರದ ಮಂಜುಗಡ್ಡೆ. 1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆ ಅಮೋನಿಯ ಮತ್ತು ನೀರನ್ನು ಬಿಸಿಮಾಡಿ ತಂಪು ಹುಟ್ಟಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ನಮ್ಮ ಬೆಂಕಿ ಫ್ರಿಜ್ಜಿನ ಮೂಲಪುರುಷ ಇವನೇ.

ಮನೆಯೊಳಗೆ ಇಡುವಷ್ಟು ಚಿಕ್ಕದು ಮಾಡಿದವರು ಇಬ್ಬರು ಹುಡುಗರು. ಸ್ಟಾಕ್‌ಹೋಮಿನ ತಾಂತ್ರಿಕ ಕಾಲೇಜಿನಲ್ಲಿ ಓದುತ್ತಿದ್ದ ಬಾಲ್ಟ್ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, 1922ರಲ್ಲಿ. ಅದನ್ನು 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಕೊಂಡಿತು. ಇದರಲ್ಲಿ ಮೋಟಾರಿಲ್ಲ, ಪಂಪಿಲ್ಲ, ಅಲುಗಾಡುವ ಒಂದು ಭಾಗವೂ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಬೆಸುಗೆ ಹಾಕಿದ ಕೊಳವೆಗಳೊಳಗೆ ನೀರು, ಅಮೋನಿಯ ಮತ್ತು ಜಲಜನಕ ಅಷ್ಟೇ. ಕೆಳಗೆ ದೀಪವೋ ಗ್ಯಾಸೋ ಉರಿಸಿದರೆ ಅಮೋನಿಯ ನೀರಿನಿಂದ ಬಿಟ್ಟು ಮೇಲಕ್ಕೇರುತ್ತದೆ. ಮೇಲೆ ತಣಿದು ದ್ರವವಾಗಿ, ಫ್ರಿಜ್ಜಿನ ಒಳಗಿನ ಕೊಳವೆಗೆ ಇಳಿದು, ಅಲ್ಲಿ ಜಲಜನಕದ ನಡುವೆ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ನಿಮ್ಮ ಹಾಲು ಮೊಸರಿನ ಶಾಖ ಹೀರಿಕೊಳ್ಳುತ್ತದೆ. ಆಮೇಲೆ ಪುನಃ ನೀರಿನಲ್ಲಿ ಬೆರೆತು ಒಲೆಗೆ ವಾಪಸ್ಸು. ಇದನ್ನೆಲ್ಲ ಓಡಿಸುವುದು ಶಾಖ ಮತ್ತು ಭೂಮಿಯ ಸೆಳೆತ, ಬೇರೇನಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐನ್‌ಸ್ಟೀನ್ ಕೂಡ ಫ್ರಿಜ್ಜು ಮಾಡಲು ಹೊರಟಿದ್ದರು ಗೊತ್ತೇ? ಬರ್ಲಿನ್ನಿನಲ್ಲಿ ಫ್ರಿಜ್ಜಿನ ವಿಷಾನಿಲ ಸೋರಿ ಒಂದು ಕುಟುಂಬವೇ ಸತ್ತ ಸುದ್ದಿ ಪತ್ರಿಕೆಯಲ್ಲಿ ಓದಿ, ಲಿಯೋ ಸಿಲಾರ್ಡ್ ಜೊತೆ ಸೇರಿ 1926ರಿಂದ ಆ ಕೆಲಸಕ್ಕೆ ಕೂತರು. 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಅವರ ಫ್ರಿಜ್ಜು ಅಂಗಡಿಗೆ ಬರಲಿಲ್ಲ. ಪ್ಲಾಟೆನ್–ಮುಂಟರ್ಸ್ ಫ್ರಿಜ್ಜು ಮಾತ್ರ ಸೀಮೆಎಣ್ಣೆ ದೀಪ ಹೊತ್ತು ಪ್ರಪಂಚದ ಎಸ್ಟೇಟುಗಳಿಗೂ ಕಾಡಿನ ಆಸ್ಪತ್ರೆಗಳಿಗೂ ಹೋಯಿತು, ಕೊನೆಗೆ ಕ್ಯಾರವಾನನ್ನೂ ಹತ್ತಿತು.

ಇನ್ನು ತೊಂದರೆ ಏನು ಅಂದರೆ... ಎಸ್ಟೇಟಿನ ಬಂಗಲೆ ಅಲುಗಾಡುವುದಿಲ್ಲ, ಓರೆಯಾಗುವುದಿಲ್ಲ. ಗಾಡಿ ಆಗುತ್ತದೆ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಫ್ರಿಜ್ಜು ಉರಿಸುತ್ತಲೇ ಬಿಟ್ಟರೆ, ಒಲೆಗೆ ವಾಪಸ್ಸು ಬರಬೇಕಾದ ದ್ರವ ದಾರಿಯಲ್ಲೇ ನಿಂತುಬಿಡುತ್ತದೆ. ಖಾಲಿ ಪಾತ್ರೆ ಒಲೆಯ ಮೇಲಿಟ್ಟ ಹಾಗೆ ಕೊಳವೆ ಕಾದು ಕೆಂಪಾಗುತ್ತದೆ. ಒಳಗೆ ತುಕ್ಕು ಹಿಡಿಯದಿರಲಿ ಅಂತ ಹಾಕಿದ ಸೋಡಿಯಂ ಕ್ರೋಮೇಟ್ ಎಂಬ ಹಳದಿ ರಾಸಾಯನಿಕ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಹೀಗೆ ಹತ್ತಿಪ್ಪತ್ತು ಸಲ ಆದರೆ ಕೊಳವೆ ಬಿರುಕು ಬಿಡುತ್ತದೆ. ಹೊರಗೆ ಬರುವುದು ಜಲಜನಕ ಮತ್ತು ಅಮೋನಿಯ, ಅದೂ ಒತ್ತಡದಲ್ಲಿ. ಪಕ್ಕದಲ್ಲೇ ಗ್ಯಾಸಿನ ಜ್ವಾಲೆ! ಮುಂದಿನದು ಹೇಳಬೇಕಿಲ್ಲ.

ಇದು ಊಹೆಯ ಮಾತಲ್ಲ. 2006ರಲ್ಲಿ ಅಮೆರಿಕದಲ್ಲಿ ಡೊಮೆಟಿಕ್ ಕಂಪನಿ 1997ರಿಂದ 2003ರ ನಡುವೆ ತಯಾರಾದ ಒಂಬತ್ತು ಲಕ್ಷಕ್ಕೂ ಹೆಚ್ಚು ಫ್ರಿಜ್ಜುಗಳನ್ನು ಇದೇ ಕೊಳವೆ ಬಿರುಕಿನ ಕಾರಣಕ್ಕೆ ದುರಸ್ತಿಗೆ ವಾಪಸ್ಸು ಕರೆಯಿತು. ನಾರ್‌ಕೋಲ್ಡ್ ಎಂಬ ಇನ್ನೊಂದು ಕಂಪನಿಯೂ ತನ್ನ 1200 ಮಾದರಿಯನ್ನು 2010ರಲ್ಲಿ ಕರೆಯಬೇಕಾಯಿತು. ಕೊಳವೆ ಅತಿಯಾಗಿ ಕಾದರೆ ತಾನೇ ಗ್ಯಾಸು ಕರೆಂಟು ಎರಡನ್ನೂ ಕಡಿಯುವ ಸಾಧನಗಳು ಬಂದದ್ದು ಇಂಥ ಬೆಂಕಿಗಳಿಂದಲೇ.

ಈಗ ನನಗೇಕೆ ಈ ಉಸಾಬರಿ ಅಂತೀರಾ? ರಾಣೆಬೆನ್ನೂರಿನಲ್ಲಿರುವ ನಮ್ಮಣ್ಣನ ಮಗ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು ಮಂಚ ಹಾಕಿಸಿ, ವಿದೇಶದಿಂದ ಬಂದ ಸೆಕೆಂಡ್‌ಹ್ಯಾಂಡ್ ಗ್ಯಾಸ್ ಫ್ರಿಜ್ಜು ಕೂಡಿಸಿದ್ದಾನೆ. ಅವನ ಅಪ್ಪ ಅಮ್ಮನನ್ನು, ಅಂದರೆ ನನ್ನ ಅಣ್ಣ ವೈನಿಯನ್ನು, ಅದರಲ್ಲೇ ಕಾಶಿಗೆ ಕರೆತರುವ ಯೋಜನೆ. ಸಾವಿರದೈನೂರು ಕಿಲೋಮೀಟರಿಗೂ ಮೇಲೆ ದಾರಿ. ವೈನಿಗೆ ಇನ್ಸುಲಿನ್ ತಣ್ಣಗಿರಬೇಕು, ಅದಕ್ಕೇ ಫ್ರಿಜ್ಜು. ಫೋನಿನಲ್ಲಿ ಫೋಟೋ ಕಳಿಸಿದ. ಫ್ರಿಜ್ಜಿನ ಹಿಂದೆ ಪ್ಲೈವುಡ್ಡು, ಅದಕ್ಕೆ ತಾಗಿ ಪರದೆ, ಹೊರಗಿನ ಗಾಳಿಕಿಂಡಿ ಒಂದೇ ಒಂದು. ಅದಕ್ಕೂ ಧೂಳು ಬರಬಾರದು ಅಂತ ರಟ್ಟು ಬಡಿದಿದ್ದಾನೆ! ಫ್ರಿಜ್ಜು ಹಾಕಿಕೊಟ್ಟವನು ಏನಂದ ಅಂದೆ. "ಏನೂ ಆಗೂದಿಲ್ಲ ಬಿಡ್ರಿ ಕಾಕಾ, ಗ್ಯಾರಂಟಿ ಕೊಟ್ಟಾನ್ರೀ" ಅಂದ. ಗ್ಯಾರಂಟಿ ಕಾಗದಕ್ಕೆ ಬೆಂಕಿ ಹತ್ತಿದರೆ ಏನು ಮಾಡ್ತೀಯಪ್ಪಾ ಅಂತ ಕೇಳಿ, ಆ ರಾತ್ರಿಯೇ ಅವನಿಗೊಂದು ಉದ್ದದ ಪತ್ರ ಬರೆದೆ. ಅದರ ಸಾರ ಹೇಳುತ್ತೇನೆ.

ಕಿಂಡಿ ಎರಡಿರಬೇಕು. ಕೆಳಗೊಂದು, ಮೇಲೊಂದು. ಕೆಳಗಿನಿಂದ ಗಾಳಿ ಬಂದು, ಫ್ರಿಜ್ಜಿನ ಶಾಖವನ್ನೂ ಸೋರಿದ ಅನಿಲವನ್ನೂ ಹೊತ್ತು ಮೇಲಿನಿಂದ ಹೋಗಬೇಕು. ಹಿಂಬದಿಯ ಗೂಡಿಗೂ ಮಲಗುವ ಜಾಗಕ್ಕೂ ನಡುವೆ ಸಂದು ಇರಬಾರದು, ಯಾಕೆಂದರೆ ಬರ್ನರಿನ ಹೊಗೆಯ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ನಮ್ಮಲ್ಲಿ ಜೂನಿನ ಲೂ ಗಾಳಿಗೆ 45 ಡಿಗ್ರಿ ದಾಟಿದಾಗ ಈ ಫ್ರಿಜ್ಜು ಸರಿಯಾಗಿ ತಣಿಸುವುದೂ ಇಲ್ಲ. ಜನ ಜ್ವಾಲೆ ಏರಿಸುತ್ತಾರೆ. ಏರಿಸುವ ಬದಲು ನೆರಳಿನಲ್ಲಿ ನಿಲ್ಲಿಸಬೇಕು. ನಿಲ್ಲಿಸುವಾಗ ಸಮತಟ್ಟು ಜಾಗವೇ ಬೇಕು, ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಬೇಡ. ಗಾಡಿ ಓಡುವಾಗ ಗ್ಯಾಸು ಬಂದ್, ಪೆಟ್ರೋಲ್ ಬಂಕಿಗೆ ಹೋಗುವಾಗಲಂತೂ ಕಡ್ಡಾಯ. ಆಗಾಗ ಹಿಂದಿನ ಮುಚ್ಚಳ ತೆಗೆದು ನೋಡಬೇಕು. ಹಳದಿ ಪುಡಿ ಕಂಡರೆ, ಅಮೋನಿಯದ ಘಾಟು ಬಂದರೆ ಆ ಫ್ರಿಜ್ಜಿನ ಆಯುಸ್ಸು ಮುಗಿಯಿತು. ಪುಡಿ ವಿಷ, ಕೈಯಲ್ಲಿ ಮುಟ್ಟಬಾರದು.

ಗ್ಯಾಸ್ ಬೇಡ, ಗಾಡಿಯ ಬ್ಯಾಟರಿಯಲ್ಲೇ ಇದನ್ನು ಓಡಿಸುತ್ತೇನೆ ಅನ್ನುವವರಿಗೂ ಲೆಕ್ಕ ಹೇಳಬೇಕು (ಲೆಕ್ಕ ನನ್ನ ಕಸುಬು). ಕಾಯಿಲ್ 150 ವ್ಯಾಟಿನದಾದರೆ 12 ವೋಲ್ಟಿಗೆ ಹನ್ನೆರಡೂವರೆ ಆಂಪಿಯರ್. ಹಿಂದಿನ ಸೀಟಿನವರೆಗೆ ತೆಳ್ಳನೆಯ ತಂತಿ ಎಳೆದು ಫ್ಯೂಸ್ ಹಾಕದಿದ್ದರೆ ತಂತಿಯೇ ಒಲೆ. ಮನೆಯ ಮಾಮೂಲಿ ಫ್ರಿಜ್ಜೂ ಪೂರ್ತಿ ಸಾಧು ಅಲ್ಲ ಬಿಡಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹೊತ್ತಿದ್ದು ಒಂದು ಅಡುಗೆಮನೆಯ ಫ್ರಿಜ್ಜಿನಿಂದ.

ಗ್ಯಾಸ್ ಫ್ರಿಜ್ಜು ನಮ್ಮ ದೇಶದಲ್ಲಿ ಅಪರೂಪ, ನಿಜ. ಆದರೆ ಮಲಗುವ ಗಾಡಿಯಲ್ಲಿ ಗ್ಯಾಸು ಉರಿಸುವುದು ಅಪರೂಪವೇ ಅಲ್ಲ. 2023ರ ಆಗಸ್ಟ್ 26 ನೆನಪಿದೆಯೇ? ನಮ್ಮ ಉತ್ತರ ಪ್ರದೇಶದ ಯಾತ್ರಿಕರು ಲಖನೌದಿಂದ ಒಂದು ಇಡೀ ಬೋಗಿಯನ್ನೇ ಬುಕ್ ಮಾಡಿಕೊಂಡು, ಆಗಸ್ಟ್ 17ರಂದು ಹೊರಟು ದಕ್ಷಿಣದ ಕ್ಷೇತ್ರಗಳನ್ನು ನೋಡುತ್ತಿದ್ದರು. ಹಿಂದಿನಿಂದ ಬಂದ ರೈಲಿನಿಂದ ಬೋಗಿಯನ್ನು ಬಿಡಿಸಿ ಮದುರೈ ಯಾರ್ಡಿನಲ್ಲಿ ನಿಲ್ಲಿಸಲಾಗಿತ್ತು. ಬೆಳಗಿನ ಐದೂಕಾಲರ ಹೊತ್ತಿಗೆ ಬೋಗಿ ಹೊತ್ತಿಕೊಂಡಿತು. ಕದ್ದು ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರೇ ಕಾರಣ ಅಂತ ರೈಲ್ವೆ ಹೇಳಿತು. ಒಂಬತ್ತು ಜನ ಹೋದರು. ರೈಲಿನಲ್ಲಿ ಅಪಾಯಕಾರಿ ವಸ್ತು ಒಯ್ದರೆ ಮೂರು ವರ್ಷದವರೆಗೆ ಜೈಲು ಅಂತ 1989ರ ರೈಲ್ವೆ ಕಾಯ್ದೆಯಲ್ಲಿದೆ. ಇದ್ದೇನು, ಮನೆಯ ಚಹಾ ಬೇಕಲ್ಲ!

ಕರ್ನಾಟಕದಿಂದ ಬರುವ ಯಾತ್ರೆಯ ಬಸ್ಸುಗಳದೂ ಇದೇ ಕಥೆ. ನಾನು ವರ್ಗವಾಗಿ ಇಲ್ಲಿಗೆ ಬಂದು ಇಲ್ಲೇ ಬೇರೂರಿದ ಇಷ್ಟು ವರ್ಷಗಳಲ್ಲಿ ಎಷ್ಟು ಬಸ್ಸು ನೋಡಿದ್ದೇನೋ. ಕರ್ನಾಟಕ ಘಾಟ್, ಹನುಮಾನ್ ಘಾಟ್, ಜಂಗಮವಾಡಿ ಮಠ ಅಂತ ಕೇಳಿಕೊಂಡು ಬರುತ್ತಾರೆ. ಬಸ್ಸಿನ ಹೊಟ್ಟೆಯಲ್ಲಿ ಅಕ್ಕಿ ಚೀಲ, ರೊಟ್ಟಿ ಡಬ್ಬಿ, ಪಕ್ಕದಲ್ಲೇ ಅಡ್ಡ ಮಲಗಿಸಿದ 14.2 ಕಿಲೋದ ಸಿಲಿಂಡರ್. ಪರಊರಿನ ಊಟ ಒಗ್ಗದ ಹಿರಿಯರಿಗೆ ಚಿತ್ರಾನ್ನ ಮಾಡಿಕೊಡುವುದು ಪುಣ್ಯದ ಕೆಲಸವೇ, ನಾನೂ ಅವರ ಚಿತ್ರಾನ್ನ ಉಂಡಿದ್ದೇನೆ. ಆದರೆ ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಕೂರುತ್ತದೆ. ಅಡ್ಡ ಮಲಗಿಸಿದ ಸಿಲಿಂಡರಿನಿಂದ ಆವಿಯ ಬದಲು ದ್ರವವೇ ಬರುತ್ತದೆ, ಅದು ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. 2025ರ ಜನವರಿ 19ರಂದು ಪ್ರಯಾಗರಾಜದ ಮಹಾಕುಂಭದಲ್ಲಿ 19ನೇ ಸೆಕ್ಟರಿನ ಡೇರೆಗಳಿಗೆ ಬೆಂಕಿ ಬಿದ್ದು ಸಿಲಿಂಡರುಗಳು ಸಿಡಿದವು. ಬಯಲಾದ್ದರಿಂದ, ಅಗ್ನಿಶಾಮಕದವರು ಪಕ್ಕದಲ್ಲೇ ಇದ್ದದ್ದರಿಂದ ಜೀವ ಹೋಗಲಿಲ್ಲ. ಒಂದೇ ಬಾಗಿಲಿನ ಬಸ್ಸಾಗಿದ್ದರೆ?

ಬ್ಯಾಂಕಿನವನಾಗಿ ಇನ್ನೊಂದು ಮಾತು. ನೋಂದಣಿಯಲ್ಲಿ ಇರುವ ಗಾಡಿಯ ಸ್ವರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡಿ. ಕ್ಯಾರವಾನುಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಸಾಲದ ಗಾಡಿಯಾದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯೂ ಬೇಕು. ಇದ್ಯಾವುದೂ ಇಲ್ಲದೆ ಸುಟ್ಟ ಗಾಡಿಗೆ ವಿಮೆಯ ಹಣ ಕೇಳಲು ಹೋದವರ ಮುಖಗಳನ್ನು ಕೌಂಟರಿನ ಈಚೆ ಕೂತು ನೋಡಿದ್ದೇನೆ, ಮತ್ತೆ ನೋಡುವ ಆಸೆಯಿಲ್ಲ.

ಅಣ್ಣನ ಮಗ ಎರಡು ವಾರ ನನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಆಮೇಲೆ ವೈನಿಯೇ ಫೋನ್ ಮಾಡಿದರು. ಗ್ಯಾಸ್ ಫ್ರಿಜ್ಜು ಕಿತ್ತು ಅಟ್ಟಕ್ಕೆ ಹಾಕಿದ್ದಾನಂತೆ. ಬದಲಿಗೆ ಹನ್ನೆರಡು ವೋಲ್ಟಿನ ಸಣ್ಣ ಕಂಪ್ರೆಸರ್ ಪೆಟ್ಟಿಗೆ ಬಂದಿದೆ, ದಪ್ಪ ತಂತಿ, ಫ್ಯೂಸು ಎಲ್ಲ ಹಾಕಿಸಿದ್ದಾನಂತೆ. ಬಾಗಿಲ ಪಕ್ಕ ಪುಡಿಯ ಅಗ್ನಿಶಾಮಕ, ಒಲೆಯ ಕೆಳಗೆ ನೆಲಮಟ್ಟದಲ್ಲಿ ಗ್ಯಾಸು ಪತ್ತೆಯ ಗಂಟೆ. "ಹುಳಿ ಪುಡಿ ಹುರಿದರೂ ಕೂಗತೈತಿ ನೋಡ್ರಿ ಅದು" ಅಂತ ವೈನಿಯ ದೂರು. ಕೂಗಲಿ ಅಂದೆ. ಕಾರ್ತಿಕದಲ್ಲಿ ಬರುತ್ತಾರೆ.