ಕೊಳದಲ್ಲಿ ನೌಕಾಯುದ್ಧ: ರೇಡಿಯೊ ನಿಯಂತ್ರಿತ ಮಾದರಿ ಹಡಗುಗಳ ಕಥೆ

ಸುಮಾರು ಒಂದೂವರೆ ಮೀಟರ್ ಉದ್ದದ ಯುದ್ಧನೌಕೆಗಳನ್ನು ಕೊಳವೊಂದರಲ್ಲಿ ತೇಲಿಬಿಟ್ಟು, ದಡದಲ್ಲಿ ನಿಂತು ರೇಡಿಯೊ ತರಂಗಗಳ ಮೂಲಕ ಅವುಗಳನ್ನು ನಡೆಸಿ, ನಿಜವಾಗಿಯೂ ಗುಂಡು ಹಾರಿಸಿ ಮುಳುಗಿಸುವ ಹವ್ಯಾಸವೊಂದಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಇದು ರೂಪುಗೊಂಡಿತು. ಹಡಗಿನ ಪಕ್ಕೆಗಳಿಗೆ ಹೊದಿಸಿದ ತೆಳುವಾದ ಬಾಲ್ಸಾ ಮರದ ಹಾಳೆಯನ್ನು ಉಕ್ಕಿನ ಪುಟ್ಟ ಗುಂಡು ತೂರುತ್ತದೆ. ನೀರು ಒಳನುಗ್ಗುತ್ತದೆ. ಹಡಗಿನೊಳಗಿನ ಪಂಪು ಅದನ್ನು ಹೊರಹಾಕಲು ಹೆಣಗುತ್ತದೆ. ಪಂಪು ಸೋತರೆ ಹಡಗು ಮುಳುಗುತ್ತದೆ. ಅದನ್ನು ಮೇಲೆತ್ತಿ, ತೂತುಗಳಿಗೆ ತೇಪೆ ಹಾಕಿ, ಮತ್ತೆ ನೀರಿಗಿಳಿಸುತ್ತಾರೆ.

ಇದು ಬರಿಯ ಆಟವೆಂದು ನೀವು ತಳ್ಳಿಹಾಕಬಹುದು. ಆದರೆ ಇದರ ಹಿಂದೆ ನೂರೈವತ್ತು ವರ್ಷಗಳ ವಿಜ್ಞಾನದ ಚರಿತ್ರೆಯಿದೆ. ಹಡಗಿನ ಮಾದರಿಗೂ ನಿಜವಾದ ಹಡಗಿಗೂ ಇರುವ ಸಂಬಂಧವೇನು? ತಂತಿಯಿಲ್ಲದೆ ಯಂತ್ರವನ್ನು ನಡೆಸಲು ಮನುಷ್ಯ ಕಲಿತದ್ದು ಹೇಗೆ? ತೂತು ಬಿದ್ದ ಹಡಗು ಏಕೆ ಒಮ್ಮೆ ಉಳಿಯುತ್ತದೆ, ಒಮ್ಮೆ ಮುಳುಗುತ್ತದೆ? ಈ ಮೂರು ಪ್ರಶ್ನೆಗಳೂ ಆ ಕೊಳದಲ್ಲಿ ಒಟ್ಟುಗೂಡುತ್ತವೆ.

ಮೇಣದ ಹಡಗುಗಳು

ಹಡಗಿನ ಚಿಕ್ಕ ಮಾದರಿಯನ್ನು ನೀರಿನಲ್ಲಿ ಎಳೆದು ದೊಡ್ಡ ಹಡಗಿನ ನಡವಳಿಕೆಯನ್ನು ತಿಳಿಯಬಹುದೆ? ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅನೇಕ ತಜ್ಞರು ಇದನ್ನು ನಂಬುತ್ತಿರಲಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ 1867ರಲ್ಲಿ ಡಾರ್ಟ್ ನದಿಯಲ್ಲಿ 'ಸ್ವಾನ್' ಮತ್ತು 'ರೇವನ್' ಎಂಬ ಎರಡು ಆಕಾರಗಳ ಮಾದರಿಗಳನ್ನು ಬೇರೆ ಬೇರೆ ಗಾತ್ರಗಳಲ್ಲಿ ಎಳೆದು ನೋಡಿದ. ಅನಂತರ ಬ್ರಿಟಿಷ್ ನೌಕಾಡಳಿತದ ನೆರವಿನಿಂದ ಟಾರ್ಕಿಯ ತನ್ನ ಮನೆಯ ಬಳಿ ಸು. 85 ಮೀಟರ್ ಉದ್ದದ ತೊಟ್ಟಿಯನ್ನು ಕಟ್ಟಿಸಿದ. 1872ರಲ್ಲಿ ಅಲ್ಲಿ ಪ್ಯಾರಾಫಿನ್ ಮೇಣದ ಮಾದರಿಗಳ ಪರೀಕ್ಷೆ ಆರಂಭವಾಯಿತು. 'ಗ್ರೇಹೌಂಡ್' ಎಂಬ ನಿಜವಾದ ಹಡಗನ್ನೇ ಮತ್ತೊಂದು ಹಡಗಿನಿಂದ ಎಳೆಸಿ, ಮಾದರಿಯ ಫಲಿತಾಂಶಗಳೊಡನೆ ಅದನ್ನು ಹೋಲಿಸಲಾಯಿತು.

ಫ್ರೌಡ್ ಕಂಡುಕೊಂಡದ್ದು ಸರಳ ನಿಯಮ. ಹಡಗು ಚಲಿಸುವಾಗ ಎಬ್ಬಿಸುವ ಅಲೆಗಳ ವಿನ್ಯಾಸ ಮಾದರಿಯಲ್ಲೂ ಒಂದೇ ತೆರನಾಗಿರಬೇಕಾದರೆ, ವೇಗವನ್ನು ಉದ್ದದ ಅನುಪಾತದಲ್ಲಿ ಅಲ್ಲ, ಉದ್ದದ ವರ್ಗಮೂಲದ ಅನುಪಾತದಲ್ಲಿ ತಗ್ಗಿಸಬೇಕು. ಮಾದರಿ ಹಡಗುಗಳ ಕಾಳಗದಲ್ಲಿ ಬಳಕೆಯಲ್ಲಿರುವ ಅಳತೆ 1:144. ಇದರ ವರ್ಗಮೂಲ 12. ನಿಜವಾದ ಹಡಗು 30 ನಾಟ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 15.4 ಮೀಟರ್ ಸಾಗುತ್ತಿದ್ದರೆ, ಮಾದರಿ ಸೆಕೆಂಡಿಗೆ ಸು. 1.3 ಮೀಟರ್ ಸಾಗಬೇಕು. ಇದು ನಮ್ಮ ಸಾಮಾನ್ಯ ನಡಿಗೆಯ ವೇಗ. 144ರಿಂದ ಭಾಗಿಸಿದ್ದರೆ ಸೆಕೆಂಡಿಗೆ 11 ಸೆಂಟಿಮೀಟರ್ ಮಾತ್ರ ಆಗುತ್ತಿತ್ತು; ಹಡಗಿನ ಮುಂದೆ ಅಲೆಯೇ ಏಳುತ್ತಿರಲಿಲ್ಲ.

ಗಂಟೆ ಬಾರಿಸಿದ ತರಂಗ, ತಿರುಗಿದ ಚುಕ್ಕಾಣಿ

ಈಗ ನಿಯಂತ್ರಣದ ಕಡೆಗೆ ಬರೋಣ. 1890ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬ್ರಾನ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಗಾಜಿನ ನಳಿಗೆಯಲ್ಲಿ ತುಂಬಿದ ಲೋಹದ ಪುಡಿ ಸಾಮಾನ್ಯವಾಗಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಸಮೀಪದಲ್ಲಿ ವಿದ್ಯುತ್ ಕಿಡಿ ಹಾರಿದರೆ ಪುಡಿಯ ಕಣಗಳು ಪರಸ್ಪರ ಅಂಟಿಕೊಂಡು ವಾಹಕವಾಗುತ್ತವೆ. ಈ ನಳಿಗೆಗೆ ಕೊಹೀರರ್ ಎಂಬ ಹೆಸರು ಬಂತು. ದೂರದ ತರಂಗವೊಂದು ಇಲ್ಲಿಯ ಸ್ವಿಚ್ಚನ್ನು ಒತ್ತಬಲ್ಲದು ಎಂದಾಯಿತು. ನಮ್ಮವರೇ ಆದ ಜಗದೀಶ ಚಂದ್ರ ಬೋಸ್ 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದ್ಯುತ್ಕಾಂತೀಯ ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದರು. ಮಾತನ್ನೋ ಸಂದೇಶವನ್ನೋ ಕಳುಹಿಸುವುದಲ್ಲ, ದೂರದಲ್ಲಿ ಕೆಲಸ ಮಾಡಿಸುವುದು ಇಲ್ಲಿಯ ಉದ್ದೇಶ ಎಂಬುದನ್ನು ಗಮನಿಸಿ.

1898ರಲ್ಲಿ ನಿಕೋಲಾ ಟೆಸ್ಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ವಿದ್ಯುತ್ ಪ್ರದರ್ಶನದಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಕಬ್ಬಿಣದ ಪುಟ್ಟ ದೋಣಿಯನ್ನು ಇಳಿಸಿದರು. ಅದರ ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು. ಒಳಗೆ ಬ್ಯಾಟರಿ, ಮೋಟಾರು, ಕೊಹೀರರ್. ಟೆಸ್ಲಾ ದೂರದಿಂದ ಸಂಜ್ಞೆ ಕೊಟ್ಟಾಗ ದೋಣಿ ಹೊರಟಿತು, ತಿರುಗಿತು, ದೀಪ ಮಿನುಗಿಸಿತು. ಪ್ರೇಕ್ಷಕರು ಕೇಳಿದ ಲೆಕ್ಕದ ಪ್ರಶ್ನೆಗಳಿಗೂ ಅದು ದೀಪ ಮಿನುಗಿಸಿ 'ಉತ್ತರ' ಕೊಡುತ್ತಿತ್ತಂತೆ! ಆ ವರ್ಷದ ನವೆಂಬರ್ 8ರಂದು ಅವರಿಗೆ ಇದರ ಪೇಟೆಂಟ್ ದೊರೆಯಿತು. ಇಂದಿನ ಪ್ರತಿಯೊಂದು ರೇಡಿಯೊ ನಿಯಂತ್ರಿತ ಆಟಿಕೆಗೂ ಈ ದೋಣಿಯೇ ಪೂರ್ವಜ.

ಅದು ಸ್ಪೇನ್ ಮತ್ತು ಅಮೆರಿಕಗಳ ನಡುವಿನ ಯುದ್ಧದ ವರ್ಷ. ಸಿಬ್ಬಂದಿಯಿಲ್ಲದ ಇಂಥ ದೋಣಿಯಲ್ಲಿ ಸ್ಫೋಟಕ ತುಂಬಿ ಶತ್ರುನೌಕೆಯ ಮೇಲೆ ಬಿಡಬಹುದೆಂದು ಟೆಸ್ಲಾ ಸೂಚಿಸಿದರು. ಅಂಥ ಅಸ್ತ್ರದ ಭಯದಿಂದ ಯುದ್ಧವೇ ನಿಂತೀತು ಎಂಬುದು ಅವರ ನಿರೀಕ್ಷೆ. ಆ ನಿರೀಕ್ಷೆ ಹುಸಿಯಾಯಿತು. ಸ್ಪೇನಿನ ಲಿಯೊನಾರ್ಡೊ ಟೋರೆಸ್ ಕೆವೆಡೊ 'ಟೆಲಿಕಿನೊ' ಎಂಬ ತನ್ನ ಸಾಧನದಿಂದ 1906ರಲ್ಲಿ ಬಿಲ್ಬಾವೊದಲ್ಲಿ ದೊರೆಯ ಎದುರಿಗೇ ದೋಣಿಯೊಂದನ್ನು ನಡೆಸಿ ತೋರಿಸಿದ.

ಸಿಬ್ಬಂದಿಯಿಲ್ಲದ ಯುದ್ಧನೌಕೆಗಳು

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸ್ಫೋಟಕ ತುಂಬಿದ ದೋಣಿಗಳನ್ನು ದಡದಿಂದ ತಂತಿಯ ಮೂಲಕ ನಿಯಂತ್ರಿಸಿತು. 1917ರ ಅಕ್ಟೋಬರ್ 28ರಂದು ಅಂಥ ಒಂದು ದೋಣಿ ಬ್ರಿಟನ್ನಿನ 'ಎರಿಬಸ್' ನೌಕೆಗೆ ಅಪ್ಪಳಿಸಿ ಹಾನಿ ಮಾಡಿತು.

ಯುದ್ಧ ಮುಗಿದ ಮೇಲೆ ಹಳೆಯ ಯುದ್ಧನೌಕೆಗಳಿಗೆ ಬೇರೊಂದು ಕೆಲಸ ಸಿಕ್ಕಿತು. ಚಲಿಸುವ ಗುರಿಯ ಮೇಲೆ ಗುಂಡು ಹಾರಿಸುವ ಅಭ್ಯಾಸ ನೌಕಾಪಡೆಗೆ ಬೇಕು. ಆದರೆ ಆ ಗುರಿಯಲ್ಲಿ ಜನರಿರಬಾರದು. ಅಮೆರಿಕ ತನ್ನ ಹಳೆಯ 'ಅಯೋವಾ' ನೌಕೆಗೆ 1920ರಲ್ಲಿ ರೇಡಿಯೊ ನಿಯಂತ್ರಣ ಅಳವಡಿಸಿತು. 1923ರ ಮಾರ್ಚ್‌ನಲ್ಲಿ ಪನಾಮಾ ಕೊಲ್ಲಿಯಲ್ಲಿ 'ಮಿಸಿಸಿಪಿ' ನೌಕೆಯ ಫಿರಂಗಿಗಳು ಅದನ್ನು ಮುಳುಗಿಸಿದವು. ಬ್ರಿಟನ್ 'ಆಗಮೆಮ್ನಾನ್' ನೌಕೆಯನ್ನೂ ಅದರ ಬಳಿಕ 'ಸೆಂಚೂರಿಯನ್' ನೌಕೆಯನ್ನೂ ಇದೇ ರೀತಿ ಬಳಸಿತು. 1935ರಲ್ಲಿ ಈ ವಿಧಾನ ಆಕಾಶಕ್ಕೇರಿತು. ಬ್ರಿಟನ್ನಿನ ಚಾಲಕರಹಿತ ಗುರಿವಿಮಾನದ ಹೆಸರು 'ಕ್ವೀನ್ ಬೀ', ಅಂದರೆ ರಾಣಿಜೇನು. ಗಂಡುಜೇನಿಗೆ ಇಂಗ್ಲಿಷಿನಲ್ಲಿ ಇರುವ 'ಡ್ರೋನ್' ಎಂಬ ಹೆಸರು ಇಂಥ ವಿಮಾನಗಳಿಗೆ ಬಂದದ್ದು ಈ ಮೂಲದಿಂದಲೇ ಎನ್ನುತ್ತಾರೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ 'ಲಕ್ಷ್ಯ' ಗುರಿವಿಮಾನವೂ ಇದೇ ವಂಶದ್ದು.

ಯುದ್ಧ ಆಟವಾದದ್ದು

ಟೆಸ್ಲಾ ದೋಣಿ ತೋರಿಸಿದ 1898ರಲ್ಲೇ ಇಂಗ್ಲೆಂಡಿನ ಫ್ರೆಡ್ ಜೇನ್ ಯುದ್ಧನೌಕೆಗಳ ಸಚಿತ್ರ ಕೈಪಿಡಿಯೊಂದನ್ನು ಪ್ರಕಟಿಸಿದ. ಈ ಹೊತ್ತು ನೌಕಾಪಡೆಗಳು ಆಧರಿಸುವ ಆ ವಾರ್ಷಿಕ ಗ್ರಂಥ ಹುಟ್ಟಿದ್ದು ಅವನೇ ರೂಪಿಸಿದ ಮೇಜಿನ ಮೇಲಿನ ನೌಕಾಯುದ್ಧದ ಆಟಕ್ಕೆ ಪೂರಕವಾಗಿ! 1927ರಿಂದ ಇಂಗ್ಲೆಂಡಿನ ಸ್ಕಾರ್ಬರೊ ಪಟ್ಟಣದ ಪೀಸ್‌ಹೋಮ್ ಉದ್ಯಾನದ ಕೆರೆಯಲ್ಲಿ, ಒಳಗೆ ಮನುಷ್ಯರು ಕುಳಿತು ನಡೆಸುವ ಮಾದರಿ ಯುದ್ಧನೌಕೆಗಳ ಕಾಳಗ ಪ್ರವಾಸಿಗರನ್ನು ರಂಜಿಸುತ್ತ ಬಂತು.

ಹವ್ಯಾಸಿಗಳ ಕೈಗೆ ರೇಡಿಯೊ ಬಂದಾಗ ಮೊದಲಿಗೆ ಅದು ಒಂದೇ ಒಂದು ಸಂಜ್ಞೆಯನ್ನು ಒಯ್ಯುತ್ತಿತ್ತು: ಇದೆ ಅಥವಾ ಇಲ್ಲ. ರಬ್ಬರ್ ಸುರುಳಿಯ ಬಲದಿಂದ ತಿರುಗುವ ಒಂದು ಚಕ್ರಕ್ಕೆ ತಡೆಗೊಕ್ಕೆ ಇರುತ್ತಿತ್ತು. ಪ್ರತಿ ಸಂಜ್ಞೆಗೂ ಚಕ್ರ ಒಂದು ಹೆಜ್ಜೆ ಜರುಗಿ ಚುಕ್ಕಾಣಿ ಎಡ, ನೇರ, ಬಲ, ನೇರ ಎಂದು ಸರದಿಯಂತೆ ಬದಲಾಗುತ್ತಿತ್ತು. ಈಗ ಯಾವ ಸ್ಥಾನದಲ್ಲಿದೆ ಎಂಬುದನ್ನು ಆಡುವವನೇ ನೆನಪಿಟ್ಟುಕೊಳ್ಳಬೇಕು! 1960ರ ದಶಕದಲ್ಲಿ ಬಂದ ಅನುಪಾತೀಯ ನಿಯಂತ್ರಣ ಈ ತೊಡಕನ್ನು ಕಳೆಯಿತು. ಅದರಲ್ಲಿ ಸ್ಪಂದದ ಅವಧಿಯೇ ಸಂದೇಶ. 1.5 ಮಿಲಿಸೆಕೆಂಡಿನ ಸ್ಪಂದ ಬಂದರೆ ಸರ್ವೊ ಮೋಟಾರು ನಡುವೆ ನಿಲ್ಲುತ್ತದೆ. 1 ಮಿಲಿಸೆಕೆಂಡಾದರೆ ಒಂದು ತುದಿಗೆ, 2 ಮಿಲಿಸೆಕೆಂಡಾದರೆ ಇನ್ನೊಂದು ತುದಿಗೆ ಸರಿಯುತ್ತದೆ. ಸೆಕೆಂಡಿಗೆ ಸು. 50 ಸಲ ಇಂಥ ಸ್ಪಂದ ಬರುತ್ತಲೇ ಇರುತ್ತದೆ. ಕೈಯ ಸನ್ನೆ ಎಷ್ಟೋ ಚುಕ್ಕಾಣಿ ಅಷ್ಟು. ಇದು ಸಾಧ್ಯವಾದ ಮೇಲಷ್ಟೇ ಟೆಕ್ಸಾಸ್‌ನ ಹವ್ಯಾಸಿಗಳು ಕಾಳಗಕ್ಕಿಳಿದರು.

ನಿಮ್ಮ ಮೊದಲ ಹಡಗು ಯಾವುದು?

ಕ್ಲಬ್‌ಗಳ ನಿಯಮದಂತೆ ಮಾದರಿಯು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ನಿಜವಾದ ಯುದ್ಧನೌಕೆಯೊಂದರ ಪ್ರತಿರೂಪವಾಗಿರಬೇಕು. ನಮಗೆ ಥಟ್ಟನೆ ನೆನಪಾಗಬೇಕಾದ ಹೆಸರು 'ಐಎನ್‌ಎಸ್ ಮೈಸೂರು'. ಗಂಡಭೇರುಂಡ ಲಾಂಛನದ ಈ ಕ್ರೂಸರ್ ನೌಕೆ 1940ರಲ್ಲಿ 'ನೈಜೀರಿಯಾ' ಎಂಬ ಹೆಸರಿನಲ್ಲಿ ಬ್ರಿಟನ್ನಿನ ಸೇವೆಗೆ ಸೇರಿತು. 1957ರಲ್ಲಿ ಭಾರತದ್ದಾಗಿ, 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. 1985ರಲ್ಲಿ ನಿವೃತ್ತವಾಯಿತು.

ಲೆಕ್ಕ ಹಾಕೋಣ. ಉದ್ದ 169 ಮೀಟರ್, ಅಗಲ ಸು. 19 ಮೀಟರ್. 144ರಿಂದ ಭಾಗಿಸಿದರೆ 1.17 ಮೀಟರ್ ಮತ್ತು 13 ಸೆಂಟಿಮೀಟರ್. ತೂಕ? ಆರ್ಕಿಮಿಡೀಸನ ತತ್ತ್ವದಂತೆ ತೇಲುವ ಹಡಗಿನ ತೂಕ ಅದು ಪಲ್ಲಟಿಸಿದ ನೀರಿನ ತೂಕಕ್ಕೆ ಸಮ. ಗಾತ್ರವು ಉದ್ದದ ಘನಕ್ಕೆ ಅನುಗುಣವಾದದ್ದರಿಂದ 144ರ ಘನದಿಂದ, ಅಂದರೆ 29,85,984ರಿಂದ ಭಾಗಿಸಬೇಕು. ಪೂರ್ಣ ಭಾರದ 11,000 ಟನ್ ಕೇವಲ 3.7 ಕಿಲೋಗ್ರಾಂಗೆ ಇಳಿಯುತ್ತದೆ. ಇಷ್ಟರಲ್ಲೇ ಹಡಗಿನ ಒಡಲು, ಬ್ಯಾಟರಿ, ಮೋಟಾರು, ಪಂಪು, ಗ್ರಾಹಕ, ಇಂಗಾಲದ ಡೈಆಕ್ಸೈಡಿನ ಸಿಲಿಂಡರು, ಫಿರಂಗಿ ಎಲ್ಲವೂ ಅಡಗಬೇಕು!

1916ರಲ್ಲಿ ಜಟ್‌ಲ್ಯಾಂಡ್ ಕಾಳಗದಲ್ಲಿ ಸ್ಫೋಟಗೊಂಡ ಬ್ರಿಟನ್ನಿನ 'ಇನ್‌ವಿನ್ಸಿಬಲ್' ನೌಕೆಯನ್ನು ಇದರೊಂದಿಗೆ ಹೋಲಿಸಿ. ಅದರ ಮಾದರಿಯ ಉದ್ದ 1.2 ಮೀಟರ್, ಹೆಚ್ಚು ಕಡಿಮೆ ಅಷ್ಟೇ. ಆದರೆ ಅಗಲ 16.6 ಸೆಂಟಿಮೀಟರ್, ತೂಕ ಸು. 7 ಕಿಲೋಗ್ರಾಂ. ಹೊಸಬರು ತೆಳ್ಳನೆಯ ಕ್ರೂಸರಿನಿಂದ ಆರಂಭಿಸದೆ ಇಂಥ ಅಗಲವಾದ ಹಡಗಿನಿಂದ ಆರಂಭಿಸಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಮೈಸೂರು ನಿಮ್ಮ ಎರಡನೆಯ ಹಡಗಾಗಲಿ.

ತೂತು, ನೀರು, ಪಂಪು

ಗುಂಡಿನ ವ್ಯಾಸ ಸು. 4.5 ಮಿಲಿಮೀಟರ್. ಜಲರೇಖೆಯಿಂದ 3 ಸೆಂಟಿಮೀಟರ್ ಕೆಳಗೆ ಅಷ್ಟೇ ಅಗಲದ ಒಂದು ತೂತು ಬಿದ್ದಿದೆಯೆನ್ನಿ. ಟಾರಿಸೆಲ್ಲಿಯ ನಿಯಮದಂತೆ ನೀರು ಸೆಕೆಂಡಿಗೆ ಸು. 77 ಸೆಂಟಿಮೀಟರ್ ವೇಗದಲ್ಲಿ ನುಗ್ಗುತ್ತದೆ. ತೂತಿನ ವಿಸ್ತೀರ್ಣ 0.16 ಚದರ ಸೆಂಟಿಮೀಟರ್. ಧಾರೆಯ ಸಂಕೋಚನಕ್ಕಾಗಿ 0.6ರಿಂದ ಗುಣಿಸಿದರೆ ಸೆಕೆಂಡಿಗೆ ಸು. 7 ಮಿಲಿಲೀಟರ್. ಅಲ್ಪವೆನಿಸುತ್ತದೆ. ಹತ್ತು ತೂತುಗಳಾದರೆ ನಿಮಿಷಕ್ಕೆ ನಾಲ್ಕು ಲೀಟರಿಗೂ ಹೆಚ್ಚು! ನಮ್ಮ ಪುಟ್ಟ ಮೈಸೂರಿನ ಒಟ್ಟು ತೂಕಕ್ಕಿಂತಲೂ ಇದು ಅಧಿಕ. ಜಲರೇಖೆಯ ಕೆಳಗಿನ ತೂತಿಗೆ ಹೆಚ್ಚು ಅಂಕ, ಮೇಲಿನದಕ್ಕೆ ಕಡಿಮೆ ಅಂಕ ಎಂಬ ಸ್ಪರ್ಧೆಯ ನಿಯಮ ಹುಟ್ಟಿದ್ದು ಈ ಕಾರಣದಿಂದ.

ಹಲವು ಹಡಗುಗಳು ಪೂರ್ತಿ ತುಂಬುವ ಮೊದಲೇ ಮಗುಚುತ್ತವೆ. ಒಳಗಿನ ನೀರು ಹಡಗು ವಾಲಿದ ಕಡೆಗೇ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ಈ ಪರಿಣಾಮ ನೀರಿನ ಮೇಲ್ಮೈಯ ಅಗಲದ ಘನಕ್ಕೆ ಅನುಗುಣವಾದದ್ದು. ಉದ್ದಕ್ಕೂ ನಡುವೆ ಒಂದು ಗೋಡೆ ಹಾಕಿದರೆ ಪ್ರತಿ ಭಾಗದಲ್ಲಿ ಅದು ಎಂಟನೆಯ ಒಂದರಷ್ಟಾಗಿ, ಎರಡೂ ಸೇರಿ ಕಾಲು ಭಾಗಕ್ಕಿಳಿಯುತ್ತದೆ. ಆಟಗಾರರು ಮಾದರಿಯ ತಳದಲ್ಲಿ ಕಿರಿದಾದ ಕಾಲುವೆ ಬಿಟ್ಟು ನೀರನ್ನು ಪಂಪಿನತ್ತ ಹರಿಸುವುದು ಇದೇ ತಿಳಿವಳಿಕೆಯಿಂದ.

ಈ ಲೆಕ್ಕ ಕೊಳಕ್ಕೆ ಮಾತ್ರ ಸೀಮಿತವಲ್ಲ. 1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳ ಕಾವಲಿನಲ್ಲಿದ್ದಾಗ 'ನೈಜೀರಿಯಾ'ಕ್ಕೆ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಐವತ್ತೆರಡು ಜನ ಸತ್ತರು. ಆದರೂ ಹಡಗು ಮುಳುಗದೆ ಜಿಬ್ರಾಲ್ಟರಿಗೆ ಮರಳಿತು. ಮುಂದೆ ಮೈಸೂರಿನ ಹೆಸರು ಹೊತ್ತು ನಮ್ಮ ತೀರಕ್ಕೆ ಬಂದದ್ದು ಹೀಗೆ ಉಳಿದುಬಂದ ಹಡಗು.

ಆರಂಭಿಸುವವರಿಗೆ

ಫಿರಂಗಿಯಿಂದ ಆರಂಭಿಸಬೇಡಿ. ಒತ್ತಡದ ಅನಿಲ ಮತ್ತು ಉಕ್ಕಿನ ಗುಂಡು ಕಣ್ಣನ್ನು ಕಳೆಯಬಲ್ಲವು. ಕ್ಲಬ್‌ಗಳಲ್ಲಿ ದಡದಲ್ಲಿರುವ ಎಲ್ಲರಿಗೂ ರಕ್ಷಣಾ ಕನ್ನಡಕ ಕಡ್ಡಾಯ. ಹಡಗು ನೀರಿನ ಹೊರಗಿರುವಾಗ ಫಿರಂಗಿಯ ಬಾಯಿಗೆ ತಡೆ ಹಾಕಿರಲೇಬೇಕು. ಶಾಲೆಯಲ್ಲಿ ಗುಂಡಿನ ಅಗತ್ಯವೇ ಇಲ್ಲ. ಅಳತೆಗೆ ತಕ್ಕ ಒಡಲೊಂದನ್ನು ಕಟ್ಟಿ, ತೂಕವನ್ನು ಘನದ ನಿಯಮದಂತೆ ಹೊಂದಿಸಿ. ಬ್ಯಾಟರಿಯಂಥ ಭಾರದ ವಸ್ತುಗಳನ್ನು ಆದಷ್ಟು ತಳದಲ್ಲಿಡಿ. ತೊಟ್ಟಿಯಲ್ಲಿ ತೇಲಿಸಿ, ಮೊದಲೇ ಕೊರೆದು ಮುಚ್ಚಿಟ್ಟ ತೂತುಗಳನ್ನು ಒಂದೊಂದಾಗಿ ತೆರೆಯಿರಿ. ಮುಳುಗಲು ಹಿಡಿದ ಕಾಲವನ್ನು ಲೆಕ್ಕದೊಂದಿಗೆ ಹೋಲಿಸಿ. ಒಳಗೆ ನೀರು ಏರಿದಂತೆ ಒತ್ತಡದ ವ್ಯತ್ಯಾಸ ತಗ್ಗುವುದರಿಂದ ಎರಡೂ ಸರಿಹೊಂದುವುದಿಲ್ಲ. ಎಷ್ಟು ಅಂತರ, ಏಕೆ ಎಂಬುದನ್ನು ವಿದ್ಯಾರ್ಥಿಗಳೇ ಚರ್ಚಿಸಲಿ.

ಅನಂತರ ಮೋಟಾರು, ಚುಕ್ಕಾಣಿ, ರೇಡಿಯೊ. ಇಂದಿನ ಉಪಕರಣಗಳು 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತವೆ. ಈ ತರಂಗಗಳನ್ನು ನೀರು ಬಲುಬೇಗ ಹೀರಿಕೊಳ್ಳುತ್ತದೆ. ಆದ್ದರಿಂದ ಆಂಟೆನಾ ಸದಾ ಜಲರೇಖೆಯಿಂದ ಮೇಲಿರಬೇಕು, ಗ್ರಾಹಕ ನೀರು ಹೊಗದ ಡಬ್ಬಿಯಲ್ಲಿರಬೇಕು. ಸಂಜ್ಞೆ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವಂತೆ ಹೊಂದಿಸಿಕೊಳ್ಳಿ. ಕೆರೆಗೆ ಇಳಿಸುವ ಮೊದಲು ಹಡಗಿಗೆ ದಾರ ಕಟ್ಟಿದ ಒಂದು ತೇಲುಬುರುಡೆಯನ್ನು ಇಡಲು ಮರೆಯಬೇಡಿ. ಮುಳುಗಿದ ಹಡಗು ಎಲ್ಲಿದೆಯೆಂದು ತೋರಿಸುವುದು ಅದೊಂದೇ.