ಡೈನಾಮಿಕ್ ಫಾಂಟ್: ಕನ್ನಡ ಓದುಗರನ್ನು ಇಕ್ಕಟ್ಟಿಗೆ ಸಿಲುಕಿಸಿದ ಭದ್ರತಾ ಲೋಪ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ತುಂಬಿತೆಂಬ ಸುದ್ದಿಯನ್ನು ಇಂದು ಯಾವುದೇ ಮೊಬೈಲ್‌ನಲ್ಲಿ ಕನ್ನಡದಲ್ಲೇ ಓದಬಹುದು. 2000ದ ದಶಕದ ಆರಂಭದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಸೂಕ್ತ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕೆರೆಯ ಹೆಸರು ಸಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು.

ಇದಕ್ಕೆ ಭಾರತೀಯ ಭಾಷೆಗಳ ಜಾಲತಾಣಗಳು ಕಂಡುಕೊಂಡ ಪರಿಹಾರವೇ ಡೈನಾಮಿಕ್ ಫಾಂಟ್. ಪುಟದ ಜತೆಯಲ್ಲೇ ಫಾಂಟ್ ಕೂಡ ಓದುಗನ ಕಂಪ್ಯೂಟರ್‌ಗೆ ಬರುವ ವ್ಯವಸ್ಥೆ ಇದು. ಬಿಟ್‌ಸ್ಟ್ರೀಮ್ ಕಂಪೆನಿಯ ತಂತ್ರಜ್ಞಾನ ನೆಟ್‌ಸ್ಕೇಪ್ 4ರಲ್ಲಿ ಅಂತರ್ಗತವಾಗಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಅದಕ್ಕೆ ಆಕ್ಟಿವ್‌ಎಕ್ಸ್ ಪ್ಲಗ್-ಇನ್ ಬೇಕಿತ್ತು. ಮೈಕ್ರೋಸಾಫ್ಟ್‌ನದೇ ಆದ ಇಒಟಿ ಮಾದರಿಯ ಫಾಂಟ್‌ಗಳನ್ನು ಎಕ್ಸ್‌ಪ್ಲೋರರ್ ನೇರವಾಗಿ ತೆರೆಯುತ್ತಿತ್ತು.

ಲೋಪವೇನು?

ಸಂಕುಚಿತ ರೂಪದಲ್ಲಿ ಬರುವ ಇಒಟಿ ಫಾಂಟನ್ನು ಬಿಡಿಸುವ ಕೆಲಸ ವಿಂಡೋಸ್‌ನ ಒಂದು ಘಟಕದ್ದು. ದುರುದ್ದೇಶದಿಂದ ರೂಪಿಸಿದ ಫಾಂಟನ್ನು ಬಿಡಿಸುವಾಗ, ಮೀಸಲಿಟ್ಟ ಸ್ಮೃತಿಯ ಎಲ್ಲೆ ಮೀರಿ ದತ್ತಾಂಶ ಬರೆಯಲ್ಪಡುತ್ತಿತ್ತು. ಇದನ್ನು ಬಳಸಿಕೊಂಡು ದಾಳಿಕೋರನು ತನ್ನ ತಂತ್ರಾಂಶವನ್ನು ಅಲ್ಲಿ ಚಲಾಯಿಸಬಹುದಿತ್ತು. ಓದುಗ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಪುಟ ತೆರೆದರೆ ಸಾಕಿತ್ತು. ಅಮೆರಿಕದ ಭದ್ರತಾ ಸಂಸ್ಥೆಯೊಂದು ಪತ್ತೆ ಮಾಡಿದ ಈ ದೋಷಕ್ಕೆ ಮೈಕ್ರೋಸಾಫ್ಟ್ 2006ರ ಜನವರಿ 10ರಂದು ಎಂಎಸ್06-002 ಪ್ರಕಟಣೆಯ ಮೂಲಕ ಪರಿಹಾರ ಬಿಡುಗಡೆ ಮಾಡಿ, ಅದನ್ನು ಅತ್ಯಂತ ಗಂಭೀರ ಎಂದು ವರ್ಗೀಕರಿಸಿತು. ವಿಂಡೋಸ್ 98ರಿಂದ ಎಕ್ಸ್‌ಪಿವರೆಗಿನ ಆವೃತ್ತಿಗಳು ಇದರ ವ್ಯಾಪ್ತಿಯಲ್ಲಿದ್ದವು.

ಕನ್ನಡಿಗರ ಇಕ್ಕಟ್ಟು

ಪರಿಹಾರ ಅಳವಡಿಸುವವರೆಗೆ ಬ್ರೌಸರ್‌ನಲ್ಲಿ ಫಾಂಟ್ ಡೌನ್‌ಲೋಡ್ ಸೌಲಭ್ಯವನ್ನೇ ನಿಷ್ಕ್ರಿಯಗೊಳಿಸಬಹುದೆಂಬುದು ಕಂಪೆನಿಯ ಸಲಹೆಯಾಗಿತ್ತು. ಇಂಗ್ಲಿಷ್ ಓದುಗರಿಗೆ ಇದರಿಂದ ಹೆಚ್ಚಿನ ನಷ್ಟವಿರಲಿಲ್ಲ. ಡೈನಾಮಿಕ್ ಫಾಂಟ್ ಅವಲಂಬಿಸಿದ್ದ ಕನ್ನಡ ಪುಟಗಳ ಓದುಗರಿಗೆ ಮಾತ್ರ ಸುರಕ್ಷತೆ ಬೇಕಿದ್ದರೆ ಅಕ್ಷರ ಬಿಡಬೇಕಾದ ಸ್ಥಿತಿ. ವಿಂಡೋಸ್ 98ಕ್ಕೆ ಬೆಂಬಲ 2006ರ ಜುಲೈ 11ರಂದು ಕೊನೆಗೊಂಡಿತು. ಬಳಿಕ ಇಂಥದೇ ದೋಷಗಳು 2009ರ ಜುಲೈ ಹಾಗೂ 2010ರ ಜನವರಿಯಲ್ಲಿ ಬೆಳಕಿಗೆ ಬಂದಾಗ ಆ ಹಳೆಯ ಯಂತ್ರಗಳಿಗೆ ಪರಿಹಾರವೇ ದೊರೆಯಲಿಲ್ಲ.

ಯುನಿಕೋಡ್ ದಾರಿ

ಇದರಿಂದ ಕನ್ನಡವನ್ನು ಪಾರುಮಾಡಿದ್ದು ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟನ್ನು ಒಳಗೊಂಡಿತ್ತು. ಜಾಲತಾಣಗಳು ಯುನಿಕೋಡ್‌ಗೆ ಬದಲಾದಂತೆ, ಕನ್ನಡ ಓದಲು ಹೊರಗಿನ ಫಾಂಟ್ ತರಿಸಿಕೊಳ್ಳುವುದು ಅನಿವಾರ್ಯವಾಗಿ ಉಳಿಯಲಿಲ್ಲ.

ಆದರೆ ಅಪಾಯ ಪೂರ್ಣ ಮುಗಿದಿಲ್ಲ. ಅಲಂಕಾರಕ್ಕಾಗಿ ಇಂದಿಗೂ ಜಾಲತಾಣಗಳು ಫಾಂಟ್ ಕಳುಹಿಸುತ್ತವೆ. ಕ್ರೋಮ್ ಬಳಸುವ ಫ್ರೀಟೈಪ್ ಎಂಬ ಫಾಂಟ್ ತಂತ್ರಾಂಶದಲ್ಲಿದ್ದ ದೋಷವನ್ನು ದಾಳಿಕೋರರು ಬಳಸುತ್ತಿದ್ದುದು 2020ರ ಅಕ್ಟೋಬರ್‌ನಲ್ಲಿ ಪತ್ತೆಯಾಗಿ, ಗೂಗಲ್ ತುರ್ತು ಪರಿಹಾರ ನೀಡಬೇಕಾಯಿತು. ಬ್ರೌಸರ್ ಹಾಗೂ ಕಾರ್ಯಾಚರಣೆ ವ್ಯವಸ್ಥೆಯನ್ನು ಕಾಲಕಾಲಕ್ಕೆ ನವೀಕರಿಸುವುದೇ ಬಳಕೆದಾರರಿಗೆ ಇರುವ ಮುಖ್ಯ ರಕ್ಷಣೆ.