ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳುವ ಚಿಕಿತ್ಸೆ

1950ರ ದಶಕದ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳು ಕಿಕ್ಕಿರಿದಿದ್ದರು, ನೋಡಿಕೊಳ್ಳುವ ಕೈಗಳು ಮಾತ್ರ ಕಡಿಮೆ. ಅಲ್ಲಿನ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಎಂದರೇನು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂದು ಅವರನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದರು. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರಿಗೂ ಅವರನ್ನು ಮರಳಿ ಕರೆದೊಯ್ಯುವ ಧೈರ್ಯ ಬಂತು. ಅದೇ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಬಂಧುಗಳನ್ನು ರೋಗಿಯೊಂದಿಗೆ ಇರಿಸಿಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದಿತು.

ಭಾರತದಲ್ಲಿ ಕುಟುಂಬ ಚಿಕಿತ್ಸೆಯ ಕಥೆ ಶುರುವಾಗುವುದು ಹೀಗೆ: ಕುಟುಂಬವನ್ನು ಆಸರೆಯೆಂದು ನಂಬಿ. ಅಮೆರಿಕದಲ್ಲಿ ಶುರುವಾದದ್ದು ಸಂಶಯದಿಂದ.

1948ರಲ್ಲಿ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ ಮಕ್ಕಳ ಸ್ಕಿಜೋಫ್ರೇನಿಯಾಕ್ಕೆ ತಾಯಿಯ ವರ್ತನೆಯೇ ಮೂಲವೆಂಬ ಮಾತನ್ನು ಬರೆದರು. ಆ ಕಲ್ಪನೆಗೆ ಪುರಾವೆಯ ಬಲವಿರಲಿಲ್ಲ. ಆದರೂ ಎಷ್ಟೋ ತಾಯಂದಿರು ದಶಕಗಟ್ಟಲೆ ಆ ಅಪವಾದ ಹೊತ್ತರು. 1956ರಲ್ಲಿ ಗ್ರೆಗರಿ ಬೇಟ್ಸನ್, ಡಾನ್ ಜಾಕ್ಸನ್, ಜೇ ಹೇಲಿ, ಜಾನ್ ವೀಕ್‌ಲ್ಯಾಂಡ್ ಸೇರಿ ಪ್ರಕಟಿಸಿದ ಪ್ರಬಂಧ ದೃಷ್ಟಿಯನ್ನು ವ್ಯಕ್ತಿಯಿಂದ ಸಂವಹನದ ಕಡೆಗೆ ತಿರುಗಿಸಿತು. ಬಾಯಲ್ಲಿ ‘ಹತ್ತಿರ ಬಾ’ ಎನ್ನುತ್ತ ಮೈಯಲ್ಲಿ ‘ದೂರ ಹೋಗು’ ಎನ್ನುವವರ ನಡುವೆ ಸಿಕ್ಕಿಬಿದ್ದ ಮಗು ಏನು ಮಾಡಿದರೂ ತಪ್ಪೇ ಆಗುತ್ತದೆ ಎಂಬುದು ಅವರ ವಾದ. ಇದು ಸ್ಕಿಜೋಫ್ರೇನಿಯಾದ ಕಾರಣವೆಂದು ಸಾಬೀತಾಗಲಿಲ್ಲ. ಆದರೆ ಯಾರು ಯಾರಿಗೆ ಏನು ಹೇಳುತ್ತಾರೆ, ಹೇಳದೆ ಏನು ತಿಳಿಸುತ್ತಾರೆ ಎಂದು ಗಮನಿಸುವ ಅಭ್ಯಾಸ ಈ ಕ್ಷೇತ್ರಕ್ಕೆ ಬಂದದ್ದು ಅಲ್ಲಿಂದ.

ಅದೇ ಕಾಲದಲ್ಲಿ ಮರ್ರಿ ಬೋವೆನ್ ಬೆಥೆಸ್ಡಾದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಇಡೀ ಕುಟುಂಬಗಳನ್ನು ವಾರ್ಡಿಗೆ ಸೇರಿಸಿಕೊಂಡು ಅಧ್ಯಯನ ಮಾಡಿದರು. ಇಬ್ಬರ ನಡುವೆ ಬಿಸಿಯೇರಿದಾಗ ಮೂರನೆಯವರನ್ನು ಒಳಗೆಳೆಯುವ ‘ತ್ರಿಕೋನ’ವನ್ನು ಅವರು ಗುರುತಿಸಿದರು. ಗಂಡ ಹೆಂಡತಿ ಮಾತು ಬಿಟ್ಟು ಮಗಳ ಮೂಲಕ ಸುದ್ದಿ ಕಳಿಸುವ ಮನೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬಂದವರಲ್ಲಿ ಹೆಚ್ಚು ಪ್ರಭಾವ ಬೀರಿದವರು ಸಾಲ್ವಡೋರ್ ಮಿನೂಚಿನ್. ನ್ಯೂಯಾರ್ಕ್ ಬಳಿಯ ವಿಲ್ಟ್‌ವಿಕ್ ಶಾಲೆಯಲ್ಲಿ ಬಡ ಕುಟುಂಬಗಳ ಹುಡುಗರೊಂದಿಗೆ ದುಡಿಯುತ್ತಿದ್ದ ಅವರಿಗೆ, ಕುರ್ಚಿಯಲ್ಲಿ ಕೂತು ಮನಸ್ಸಿನ ಆಳ ಕೆದಕುವುದು ಅಲ್ಲಿ ಪ್ರಯೋಜನಕ್ಕೆ ಬಾರದೆಂಬುದು ಮನವರಿಕೆಯಾಯಿತು. ಮನೆಯಲ್ಲಿ ಆಗುವ ಜಗಳ ಕೋಣೆಯಲ್ಲೇ ಆಗಲಿ ಎಂದು ಬಿಟ್ಟು, ನಡುವೆ ಕೈಹಾಕಿ, ಕೂತವರ ಜಾಗ ಬದಲಿಸಿ, ಅಪ್ಪ ಅಮ್ಮ ನೇರವಾಗಿ ಮಾತಾಡಿಕೊಳ್ಳುವಂತೆ ಮಾಡುವುದು ಅವರ ರೀತಿ. 1974ರ ಅವರ ‘ಫ್ಯಾಮಿಲೀಸ್ ಅಂಡ್ ಫ್ಯಾಮಿಲಿ ಥೆರಪಿ’ ಈ ಕ್ಷೇತ್ರದ ಮುಖ್ಯ ಪಠ್ಯವಾಯಿತು. ಇಟಲಿಯ ಮಿಲಾನಿನಲ್ಲಿ ಮಾರಾ ಸೆಲ್ವಿನಿ ಪಲಾತ್ಸೋಲಿ ಮತ್ತು ಅವರ ಸಂಗಡಿಗರು ಒಬ್ಬರ ನಡೆಯ ಬಗ್ಗೆ ಇನ್ನೊಬ್ಬರನ್ನು ಕೇಳುವ ಸುತ್ತುಪ್ರಶ್ನೆಗಳ ಕ್ರಮವನ್ನು ರೂಪಿಸಿದರು. 1990ರಲ್ಲಿ ಆಸ್ಟ್ರೇಲಿಯಾದ ಮೈಕಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ತಮ್ಮ ಪುಸ್ತಕದಲ್ಲಿ ಸಮಸ್ಯೆಯನ್ನು ವ್ಯಕ್ತಿಯಿಂದ ಬಿಡಿಸಿ ನೋಡುವ ದಾರಿ ತೋರಿಸಿದರು: ಹುಡುಗ ಸಿಡುಕನಲ್ಲ, ಸಿಡುಕು ಆಗಾಗ ಅವನನ್ನು ಹಿಡಿಯುತ್ತದೆ, ಹಿಡಿಯದ ದಿನಗಳಲ್ಲಿ ಮನೆ ಹೇಗಿರುತ್ತದೆ?

ಬೆಂಗಳೂರಿನ ಪಾತ್ರ ಇಲ್ಲಿ ಸಣ್ಣದಲ್ಲ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಕುಟುಂಬಗಳಿಗೆಂದೇ ವಾರ್ಡು ನಡೆಯಿತು. ಅದರ ಅನುಭವವನ್ನು ಭಟ್ಟಿ, ಜಾನಕಿರಾಮಯ್ಯ ಮತ್ತು ಎಸ್.ಎಂ. ಚನ್ನಬಸವಣ್ಣ 1980ರಲ್ಲಿ ‘ಫ್ಯಾಮಿಲಿ ಪ್ರೊಸೆಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಭಾರತೀಯ ಕುಟುಂಬದೊಳಗಿನ ಒಡನಾಟವನ್ನು ಅಳೆಯುವ ಮಾಪಕವೂ ಇಲ್ಲಿ ತಯಾರಾಯಿತು. ಅದರ ಅಗತ್ಯವಿತ್ತು. ಮಾವನ ಎದುರು ಸೊಸೆ ಬಾಯಿಬಿಡದ ಮನೆಯಲ್ಲಿ ‘ಎಲ್ಲರೂ ಮನಬಿಚ್ಚಿ ಹೇಳಿ’ ಎಂದರೆ ಮೌನವಷ್ಟೇ ಸಿಗುತ್ತದೆ. ಅಂಥಲ್ಲಿ ಮೊದಲು ಬೇರೆಬೇರೆಯಾಗಿ ಕೇಳಿಸಿಕೊಂಡು, ಆಮೇಲೆ ಒಟ್ಟಿಗೆ ಕೂರಿಸಬೇಕಾಗುತ್ತದೆ.

1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನವೊಂದು ಇನ್ನೊಂದು ಸಂಗತಿಯನ್ನು ತೋರಿಸಿತು. ಸ್ಕಿಜೋಫ್ರೇನಿಯಾ ಇರುವವರ ಬಂಧುಗಳಲ್ಲಿ ಕಟುಟೀಕೆ, ಹಗೆತನ, ಅತಿಯಾದ ಅಂಟು ಲಂಡನ್ನಿನಲ್ಲಿ ಕಂಡದ್ದಕ್ಕಿಂತ ಇಲ್ಲಿ ಬಹಳ ಕಡಿಮೆ. ಇಂಥ ಟೀಕೆಯ ವಾತಾವರಣದಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಹಿಂದಿನ ಸಂಶೋಧನೆಗಳು ಹೇಳಿದ್ದವು. ಹಾಗಾಗಿ ಚಿಕಿತ್ಸೆಯ ಗುರಿಯೂ ಬದಲಾಯಿತು: ತಪ್ಪಿತಸ್ಥರನ್ನು ಹುಡುಕುವುದರ ಬದಲು ಮನೆಯವರಿಗೆ ತಿಳಿವಳಿಕೆ, ಬಲ ಕೊಡುವುದು.

ಇವತ್ತು ಒಂದು ಕುಟುಂಬ ಚಿಕಿತ್ಸಕರ ಬಳಿಗೆ ಹೋದರೆ ಏನಾಗುತ್ತದೆ? ಪಿಯುಸಿ ಓದುವ ಹುಡುಗ ಕಾಲೇಜು ಬಿಟ್ಟು ಕೋಣೆ ಸೇರಿದ್ದಾನೆ ಎಂದುಕೊಳ್ಳೋಣ. ಚಿಕಿತ್ಸಕರು ಮೊದಲು ಮೂರು ತಲೆಮಾರಿನ ವಂಶನಕ್ಷೆ ಬರೆದುಕೊಳ್ಳಬಹುದು: ಯಾರು ಯಾರಿಗೆ ಹತ್ತಿರ, ಯಾರ ನಡುವೆ ಮಾತಿಲ್ಲ, ಯಾವ ಸಾವು, ಯಾವ ಸಾಲ ಮನೆಯನ್ನು ಅಲುಗಾಡಿಸಿತು. ಆಮೇಲೆ ತಂಗಿಯನ್ನು ಕೇಳುತ್ತಾರೆ: ‘ಅಣ್ಣ ಏಳದಿದ್ದಾಗ ಅಜ್ಜಿ ಏನು ಮಾಡ್ತಾರೆ? ಆಗ ಅಪ್ಪ?’ ಅಪ್ಪ ರೇಗಿದಷ್ಟೂ ಅಜ್ಜಿ ಅಡ್ಡ ಬರುತ್ತಾರೆ, ಅಜ್ಜಿ ಅಡ್ಡ ಬಂದಷ್ಟೂ ಅಪ್ಪ ರೇಗುತ್ತಾರೆ, ಅಮ್ಮ ಇಬ್ಬರ ನಡುವೆ ನುಗ್ಗಾಗುತ್ತಾರೆ ಎಂಬುದು ಆ ಮನೆಯವರ ಬಾಯಿಂದಲೇ ಹೊರಬರುತ್ತದೆ. ಮುಂದಿನ ಭೇಟಿಯವರೆಗೆ ಮಾಡಲು ಒಂದು ಸಣ್ಣ ಕೆಲಸವನ್ನೂ ಕೊಡಬಹುದು. ಹುಡುಗನಿಗೆ ಖಿನ್ನತೆಯಿದ್ದರೆ ಮನೋವೈದ್ಯರ ಔಷಧಿ ಜೊತೆಜೊತೆಗೇ ನಡೆಯುತ್ತದೆ.

ಹುಡುಕುವುದು ಮಾತ್ರ ಸುಲಭವಲ್ಲ. ‘ಆಪ್ತಸಮಾಲೋಚಕರು’ ಎಂಬ ಫಲಕ ಯಾರ ಬಾಗಿಲಿಗೂ ಬೀಳಬಹುದು. ಆದ್ದರಿಂದ ಓದು, ತರಬೇತಿ ಕೇಳುವುದಕ್ಕೆ ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದವರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಬಹುದು. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಫಿಲ್ ಮಾಡಿದವರಲ್ಲೂ ಕುಟುಂಬಗಳೊಂದಿಗೆ ಪಳಗಿದವರಿದ್ದಾರೆ. ಒಬ್ಬರು ಒಂಟಿಯಾಗಿ ಹೇಳಿದ ಗುಟ್ಟನ್ನು ಉಳಿದವರಿಂದ ಹೇಗೆ ಕಾಪಾಡುತ್ತೀರಿ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು. ಅಜ್ಜಿಯ ಮಾತು ಅಜ್ಜಿಯ ಕನ್ನಡದಲ್ಲೇ ಅರ್ಥವಾಗುವವರು ಸಿಕ್ಕರೆ ಅರ್ಧ ಕೆಲಸ ಆದಂತೆ. ದೂರದ ಊರಿನವರು ಮೊದಲ ಹೆಜ್ಜೆಯಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಹೊಡೆತ ಬಡಿತವಿದ್ದರೆ ಒಟ್ಟಿಗೆ ಕೂರುವ ಆತುರ ಬೇಡ. ಕೋಣೆಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಅಲ್ಲಿ ಮೊದಲ ಕೆಲಸ ಸುರಕ್ಷತೆ, ಮತ್ತು ಜವಾಬ್ದಾರಿಯುತ ಚಿಕಿತ್ಸಕರು ಇದನ್ನು ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಾರೆ.

ಇನ್ನು ‘ನಮ್ಮವರು ಯಾರೂ ಬರುವುದಿಲ್ಲ’ ಎನ್ನುವವರು. ಬೋವೆನ್ ತಮ್ಮ ವೃತ್ತಿಯ ಕೊನೆಯ ದಶಕಗಳಲ್ಲಿ ಎಷ್ಟೋ ಸಲ ಕುಟುಂಬದ ಒಬ್ಬರೊಂದಿಗೇ ಕೆಲಸ ಮಾಡಿದರು. ಆ ಒಬ್ಬರು ತ್ರಿಕೋನದಲ್ಲಿ ತಮ್ಮ ಮೂಲೆಯನ್ನು ಗುರುತಿಸಿ, ಸುದ್ದಿ ಸಾಗಿಸುವ ಕೆಲಸ ನಿಲ್ಲಿಸಿದರೂ ಉಳಿದಿಬ್ಬರು ಒಬ್ಬರನ್ನೊಬ್ಬರು ನೇರವಾಗಿ ಮಾತಾಡಿಸಬೇಕಾದ ಪರಿಸ್ಥಿತಿ ಬರುತ್ತದೆ. ಬರಲು ಒಪ್ಪಿದ ಒಬ್ಬರಿಂದಲೇ ಶುರುಮಾಡುವ ಚಿಕಿತ್ಸಕರು ಇಂದಿಗೂ ಇದ್ದಾರೆ.